ಕರಿಬಸವರಾಜನ ಬಲಗೈ

ನನ್ನ ತಮ್ಮ ಕರಿಬಸವರಾಜ ನನಗಿಂತ ಹದಿನೇಳು ವರ್ಷ ಚಿಕ್ಕವನು. ಅವನು ಹುಟ್ಟುವಾಗ ನನ್ನ ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಬಾಣಂತನದ ಒಂಬತ್ತನೇ ದಿನ ಅವ್ವ ತೀರಿಕೊಂಡಳು. ಹಸಿ ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ನಿಟ್ಟುವಳ್ಳಿಯ ನನ್ನ ಗಂಡನ ಮನೆಗೆ ತಂದೆ. ಆಗ ನಿಟ್ಟುವಳ್ಳಿ ಇನ್ನೂ ದಾವಣಗೆರೆಯೊಳಗೆ ಸೇರಿರಲಿಲ್ಲ, ನಡುವೆ ಜೋಳದ ಹೊಲಗಳಿದ್ದವು. ಹತ್ತಿ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು, "ಇದು ಯಾರ ಕೂಸು?" ಅಂದರು. "ನಮ್ದೇ" ಅಂದೆ. ತಲೆಗೂದಲಿಗೆ ಅಂಟಿದ್ದ ಅರಳೆ ಕೊಡವಿಕೊಂಡು ಒಳಗೆ ಬಂದರು. ಮಾತು ಅಲ್ಲಿಗೇ ಮುಗಿಯಿತು. ನಮಗೆ ಬೇರೆ ಮಕ್ಕಳಾಗಲಿಲ್ಲ.

ಓದು ಅವನಿಗೆ ಹತ್ತಲಿಲ್ಲ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗಡಿಯಾರ, ಟಾರ್ಚು, ಪಕ್ಕದ ಮನೆಯವರ ಟ್ರಾನ್ಸಿಸ್ಟರು, ಏನು ಸಿಕ್ಕರೂ ಬಿಚ್ಚಿ ಚಾಪೆಯ ಮೇಲೆ ಹರವುತ್ತಿದ್ದ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ನಪಾಸಾದ. ಆಮೇಲೆ ರೇಡಿಯೋ ರಿಪೇರಿ ಕಲಿತ. ಸುಡುವ ಕಡ್ಡಿಯ ತುದಿಯಿಂದ ಒಂದು ತೊಟ್ಟು ಸೀಸ ಇಟ್ಟು ಕೂದಲಿನಂಥ ತಂತಿ ಕೂಡಿಸುವ ಕೆಲಸ. ಅವನು ಆ ಕೆಲಸ ಮಾಡುವಾಗ ಉಸಿರನ್ನೂ ಹಿಡಿದಿರುತ್ತಿದ್ದ.

ಎಂಬತ್ತಾರನೇ ಇಸವಿಯಲ್ಲಿ ಜಮಾಲುದ್ದೀನ್ ಎಂಬವರು ಸಿನಿಮಾ ಟಾಕೀಸಿನ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ತೆರೆದರು. ಬೊಂಬಾಯಿಂದ ಲಾರಿಯಲ್ಲಿ ನಾಲ್ಕು ಪೆಟ್ಟಿಗೆ ಬಂದವು. ಒಂದೊಂದೂ ಬಟ್ಟೆ ಬೀರುವಿನಷ್ಟು ಎತ್ತರ, ಎದೆಮಟ್ಟದಲ್ಲಿ ಟಿ.ವಿ., ಅದರ ಕೆಳಗೆ ಹಿಡಿಯಲು ಒಂದು ಕೋಲು, ಒತ್ತಲು ಒಂದು ಗುಂಡಿ. ಅವನ್ನು ನೋಡಿಕೊಳ್ಳಲು ಕರಿಬಸುವನ್ನು ಇಟ್ಟುಕೊಂಡರು. ಜನ ಸಿನಿಮಾಕ್ಕೆ ಮುಂಚೆ ಬರುತ್ತಿದ್ದರು, ಸಿನಿಮಾ ಬಿಟ್ಟ ಮೇಲೆ ಬರುತ್ತಿದ್ದರು, ಎಷ್ಟೋ ಮಂದಿ ಸಿನಿಮಾ ಬಿಟ್ಟೇ ಬರುತ್ತಿದ್ದರು.

ನಾನು ಮಧ್ಯಾಹ್ನ ಬುತ್ತಿ ಒಯ್ಯುತ್ತಿದ್ದೆ. ನಾಲ್ಕು ಪೆಟ್ಟಿಗೆಯಲ್ಲಿ ಅವನದು ಒಂದೇ ಪೆಟ್ಟಿಗೆ, ಹುಳದ ಆಟ. ಕಪ್ಪು ಆಕಾಶದಲ್ಲಿ ಸಾಲುಸಾಲಾಗಿ ಹಸಿರು, ಕೆಂಪು ಹುಳ ಇಳಿಯುತ್ತವೆ. ಕೆಳಗೆ ಒಂದು ಬಿಳಿ ವಿಮಾನ. ಎಡಗೈಲಿ ಕೋಲು ಹಿಡಿದು ವಿಮಾನವನ್ನು ಅತ್ತಿತ್ತ ಸರಿಸಬೇಕು, ಬಲಗೈಲಿ ಗುಂಡಿ ಒತ್ತಿ ಗುಂಡು ಹಾರಿಸಬೇಕು. ಹುಳವೆಲ್ಲ ಸತ್ತರೆ ಒಂದು ಮನೆ ಗೆದ್ದ ಹಾಗೆ. ಮತ್ತೆ ಹೊಸ ಸಾಲು, ಇನ್ನೂ ಜೋರು. ಬೆಳಗ್ಗೆ ಅಂಗಡಿ ತೆರೆದು, ಜಮಾಲುದ್ದೀನ್ ಲೋಬಾನ ಹಾಕಿ, ಇವನು ಊದುಬತ್ತಿ ಹಚ್ಚಿ, ಮೊದಲ ಆಟ ಇವನೇ ಆಡಬೇಕಿತ್ತು. ಅದಕ್ಕೆ ಬೋಣಿ ಆಟ ಅಂತ ಹೆಸರು. ಇವನು ಮೂರು ಮನೆ ಗೆಲ್ಲುವವರೆಗೆ ಯಾವ ಗಿರಾಕಿಯೂ ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಕಾಲೇಜು ಹುಡುಗರು ಬಾಗಿಲಲ್ಲಿ ನಿಂತು ಅವನ ಬಲಗೈ ನೋಡುತ್ತಿದ್ದರು. ತೋರುಬೆರಳು, ನಡುಬೆರಳು ಎರಡೂ ಸೇರಿ ಗುಂಡಿಯ ಮೇಲೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಬೀಳುತ್ತಿದ್ದವು.

"ಅಕ್ಕಾರೆ, ನಿಮ್ಮ ತಮ್ಮಗೆ ಸಂಬಳ ಕೊಡಾಕ ನನಗೇನೂ ಬ್ಯಾಸರ ಇಲ್ಲ. ಆದ್ರೆ ಗುಂಡಿ ತರಿಸಿ ತರಿಸಿ ಸಾಕಾಗೈತೆ. ತಿಂಗಳಿಗೊಂದು ಗುಂಡಿ ತಿಂತಾನ ಇವ್ನು!" ಅನ್ನುತ್ತಿದ್ದರು ಜಮಾಲುದ್ದೀನ್.

"ಉಪ್ಪು ಕಮ್ಮಿ ಹಾಕಿ ಕೊಡ್ರಿ ಜಮಾಲಣ್ಣ, ತಿನ್ನೋದು ಬಿಡ್ತಾನ" ಅನ್ನುತ್ತಿದ್ದೆ ನಾನು.

ಅವನು ಆಡುವಾಗ ನಾನು ಮಾತಾಡಿಸಿದರೆ ಮಾತ್ರ ಸಿಡುಕುತ್ತಿದ್ದ. "ಸುಮ್ಕಿರಕ್ಕ, ಮಾತಾಡಿಸಿದ್ರೆ ವಿಮಾನ ಸಾಯ್ತೈತೆ." ಬುತ್ತಿ ಇಟ್ಟು ಮೆಲ್ಲಗೆ ಹಿಂದೆ ಸರಿದು ಬರುವುದು ನನಗೆ ರೂಢಿಯಾಗಿತ್ತು.

ಒಂಬತ್ತು ವರ್ಷ ನಡೆಯಿತು. ಆಮೇಲೆ ಮನೆಯ ಟಿ.ವಿ.ಗೇ ಸಿಕ್ಕಿಸಿ ಆಡುವ ಆಟದ ಡಬ್ಬಿಗಳು ಬಂದವು, ಗಿರಾಕಿ ಕರಗಿದರು. ತೊಂಬತ್ತೈದರಲ್ಲಿ ಅಂಗಡಿ ಮುಚ್ಚಿತು. ಮೂರು ಪೆಟ್ಟಿಗೆ ಗುಜರಿಗೆ ಹೋದವು. ಹುಳದ ಆಟದ ಪೆಟ್ಟಿಗೆಯನ್ನು ಕೊಳ್ಳಲು ಗುಜರಿಯವರೂ ಬರಲಿಲ್ಲ. ಜಮಾಲುದ್ದೀನ್ ಅದರ ಹೊಟ್ಟೆ ಬಗೆದು ಹಿತ್ತಲಲ್ಲಿ ಕೋಳಿಗೂಡು ಮಾಡಿದರು. ಕರಿಬಸು ಹೆಂಡತಿ ಹಾಲಮ್ಮನ ಊರು ಹರಿಹರಕ್ಕೆ ಹೋದ. ಅವಳು ಅಲ್ಲಿ ಅಂಗನವಾಡಿಯಲ್ಲಿದ್ದಾಳೆ. ತಿಪ್ಪೇರುದ್ರಪ್ಪ ಎಂಬವರ ಟಿ.ವಿ. ರಿಪೇರಿ ಅಂಗಡಿಯಲ್ಲಿ ಮತ್ತೆ ಸುಡುವ ಕಡ್ಡಿ ಹಿಡಿದು ಕೂತ. ಅದೇ ವರ್ಷ ನನ್ನ ಗಂಡ ತೀರಿಹೋದರು.

ತೊಂಬತ್ತೆಂಟನೇ ಇಸವಿ, ಶ್ರಾವಣದ ಎರಡನೇ ಸೋಮವಾರ. ಬೆಳಗ್ಗೆ ಅಂಗಡಿಯಲ್ಲಿ ಚಾ ಲೋಟ ಎತ್ತಿದವನ ಕೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಬಲಗಾಲು, ಬಲಗೈ ಎರಡೂ ಬಿದ್ದುಹೋಗಿದ್ದವು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಂದರು. ಹನ್ನೊಂದು ದಿನ ಇಟ್ಟುಕೊಂಡು ಕಳಿಸಿದರು. ಹಾಲಮ್ಮ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ, ಆಸ್ಪತ್ರೆಗೆ ತೋರಿಸಲೂ ಇಲ್ಲೇ ಹತ್ತಿರ. ಹಾಗಾಗಿ ನನ್ನ ಮನೆಗೆ ಕರೆತಂದೆ.

ಕಳಿಸುವ ದಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಅವನ ಬೆರಳನ್ನು ಒಂದೊಂದಾಗಿ ಬಿಡಿಸಿ, ಮಡಚಿ, ಮಣಿಕಟ್ಟು ತಿರುಗಿಸಿ ತೋರಿಸಿದಳು. "ದಿನಕ್ಕೆ ನಾಕು ಸಲ ಹಿಂಗೆ ಮಾಡ್ಬೇಕು ಅಜ್ಜಿ, ಒಂದಿನಾನೂ ಬಿಡಬಾರ್ದು" ಅಂದಳು. ಹೂಂ ಅಂದೆ. ಅವಳಿಗೆ ಇಪ್ಪತ್ತೆರಡು ವರ್ಷವಿರಬಹುದು. ನನ್ನ ಅತ್ತೆಗೆ ಲಕ್ವ ಹೊಡೆದಾಗ ನಾನೇ ಆರೈಕೆ ಮಾಡಿದವಳು. ಆಗ ಕೈಯನ್ನು ಅಲುಗದ ಹಾಗೆ ಕಟ್ಟಿಟ್ಟಿದ್ದೆವು. ಆಕೆ ಆಮೇಲೆ ಏಳು ವರ್ಷ ರೊಟ್ಟಿ ಬಡಿದಳು. ಇದು ನನ್ನ ಕಣ್ಣೆದುರಿಗೆ ಆಗಿದ್ದು. ಆ ಹುಡುಗಿ ಹೇಳಿದ್ದು ಕಿವಿಯಲ್ಲಿ ಕೇಳಿದ್ದು.

ಆವರಗೆರೆಯ ನಾಟಿ ವೈದ್ಯ ಅಜ್ಜಪ್ಪನವರಿಂದ ಎಣ್ಣೆ ತಂದೆ. ಎಕ್ಕದ ಎಲೆ ಕಾಯಿಸಿ, ಎಣ್ಣೆ ಸವರಿ, ಬೆರಳು ಮಡಚಿ, ಮೇಲೆ ಅರಳೆ ಇಟ್ಟು, ಹಳೇ ಪಂಚೆ ಹರಿದು ಕೈಯನ್ನು ಎದೆಗೆ ಸೇರಿಸಿ ಬಿಗಿದೆ. ನಲವತ್ತೊಂದು ದಿನ ಪಥ್ಯ. ಗಾಳಿ ಸೋಕಬಾರದು, ನೀರು ತಾಗಬಾರದು, ಅಲುಗಬಾರದು. ಎಲೆ ಬದಲಿಸುವಾಗಲೂ ಬೆರಳು ಬಿಚ್ಚಗೊಡಲಿಲ್ಲ. ಅವನು ಮಾತು ಬಂದ ಮೇಲೆ ಎರಡು ಮೂರು ಸಲ, "ಅಕ್ಕಾ, ಆಸ್ಪತ್ರೆಯಾಗೆ ಬ್ಯಾರೆ ಹೇಳಿದ್ರಲ್ಲ" ಅಂದ.

"ನೀನು ಸುಮ್ನೆ ಬಿದ್ದಿರು. ನಿನ್ನ ತೊಟ್ಟಿಲಿಗೆ ಹಾಕ್ದಾಕಿ ನಾನು, ಅಕಿ ಅಲ್ಲ" ಅಂದೆ.

ಬಾಯಿ ನೆಟ್ಟಗಾಯಿತು. ಕಾಲು ಎಳೆದೆಳೆದು ನಡೆಯುವಷ್ಟು ಬಂತು. ಅದೆಲ್ಲ ಎಣ್ಣೆಯ ಗುಣ ಅಂದುಕೊಂಡೆ. ನಲವತ್ತೆರಡನೇ ದಿನ ಕಟ್ಟು ಬಿಚ್ಚಿದೆ. ಕೈ ಬಿಳಿಚಿಕೊಂಡು, ಬೆರಳೆಲ್ಲ ಅಂಗೈಯೊಳಗೆ ಮುದುಡಿಕೊಂಡಿತ್ತು. ಬಿಡಿಸಲು ಹೋದರೆ ಚೀರಿದ. ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕೈ ಹಿಡಿದು ನೋಡಿ ನನ್ನ ಕಡೆ ತಿರುಗಿದರು.

"ಯಾರು ಕಟ್ಟಿದ್ದು ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಕರಿಬಸು ಹೇಳಿದ, "ನಾನೇ ಕಟ್ಟಿಸ್ಕೊಂಡೆ ಸಾರ್. ಅಕ್ಕ ಬ್ಯಾಡ ಬ್ಯಾಡ ಅಂದ್ಲು."

ಡಾಕ್ಟರು ಅವನಿಗೆ ಬಹಳ ಬೈದರು. ಮೊದಲ ಎರಡು ತಿಂಗಳೇ ಮುಖ್ಯ, ಅದನ್ನು ನೀನೇ ಕಳೆದುಕೊಂಡೆ, ಈಗ ಬರುವುದು ಕಷ್ಟ ಅಂದರು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಅವತ್ತಿನಿಂದ ನನಗೆ ಬೇಕಾಗಿದ್ದು ಒಂದೇ, ಆ ಕೈ ತಿರುಗಿ ಬರಬೇಕು. ಅವನ ಹೊಟ್ಟೆಪಾಡು ಅದರಲ್ಲಿತ್ತು, ನನ್ನ ತಪ್ಪೂ ಅದರಲ್ಲೇ ಮುಚ್ಚಿಕೊಂಡು ಕೂತಿತ್ತು.

ಮರುವರ್ಷ ಯುಗಾದಿ ಸಮೀಪಿಸುತ್ತಿದ್ದಾಗ ಒಂದು ದಿನ ರಾಜಕುಮಾರ್ ಎಂಬವನು ಸ್ಕೂಟರಿನಲ್ಲಿ ಮನೆಗೆ ಬಂದ. ಮೊದಲು ಗುರುತು ಸಿಗಲಿಲ್ಲ. ಜಮಾಲುದ್ದೀನ್ ಅಂಗಡಿಗೆ ಕಾಲೇಜು ತಪ್ಪಿಸಿ ಬರುತ್ತಿದ್ದ ಹುಡುಗರಲ್ಲಿ ಒಬ್ಬ. ಈಗ ಪಿ.ಜೆ. ಬಡಾವಣೆಯಲ್ಲಿ ಮಹಡಿಯ ಮೇಲೆ ಇಂಟರ್‌ನೆಟ್ ಅಂಗಡಿ ಇಟ್ಟಿದ್ದಾನಂತೆ, ಐದು ಕಂಪ್ಯೂಟರ್.

"ಬಸಣ್ಣಾ, ನಿನ್ನ ಹುಳ ಸಿಕ್ಕಾವೆ!" ಅಂದ, ಚಪ್ಪಲಿ ಬಿಡುವ ಮೊದಲೇ.

"ಯಾವ ಹುಳ?"

"ಅದೇ ಹುಳ. ಅದೇ ಸಾಲು. ಅದೇ ಕುಂಯ್ ಕುಂಯ್ ಶಬ್ದ. ಯಾವ ದೇಶದವನೋ ಪುಣ್ಯಾತ್ಮ ಇಂಟರ್‌ನೆಟ್ಟಿಗೆ ಹಾಕ್ಯಾನೆ. ನಡಿ, ತೋರಿಸ್ತೀನಿ."

"ಪೆಟ್ಟಿಗೆ ಕೋಳಿಗೂಡಾಗೈತಲ್ಲೋ."

"ಪೆಟ್ಟಿಗೆ ಬ್ಯಾಡವೇ ಬ್ಯಾಡ ಅಣ್ಣಾ. ಬ್ರೌಸರ್ ಅಂತ ಒಂದೈತೆ, ಅದರಾಗೇ ಬರ್ತೈತೆ."

ನಾನೂ ಜೊತೆಗೆ ಹೋದೆ, ಮೆಟ್ಟಿಲು ಹತ್ತಿಸಬೇಕಲ್ಲ. ರಾಜಕುಮಾರ್ ಫೋನಿನ ತಂತಿ ಸಿಕ್ಕಿಸಿ ಏನೋ ಒತ್ತಿದ. ಡಬ್ಬಿ ಕೀರಲು ಧ್ವನಿಯಲ್ಲಿ ಕಿರುಚಿ ಸುಮ್ಮನಾಯಿತು. ಬಿಳಿ ಪುಟವೊಂದು ಬಂತು, ಅದರ ನಡುವೆ ಬೂದು ಬಣ್ಣದ ಚೌಕ. ಬಹಳ ಹೊತ್ತು ಅದು ಬೂದಾಗಿಯೇ ಇತ್ತು. ಆಮೇಲೆ ಕಪ್ಪಾಯಿತು, ಆ ಕಪ್ಪಿನಲ್ಲಿ ಹಸಿರು ಹುಳಗಳು ಸಾಲಾಗಿ ಇಳಿದವು. ಅಂಗೈ ಅಗಲದ ಆಕಾಶ.

ಕರಿಬಸು ಕುರ್ಚಿಯ ತುದಿಗೆ ಬಂದು ಕೂತ. ಅವನ ಎಡ ಭುಜ ಮೇಲೆದ್ದಿತು. ಕೋಲು ಹಿಡಿಯುವಾಗ ಅವನು ಕೂರುತ್ತಿದ್ದ ರೀತಿ ಅದೇ.

"ಮೂರನೇ ಮನೆಯಾಗೆ ಎಡಗಡೆಯಿಂದ ಎರಡು ಒಟ್ಟಿಗೇ ಇಳಿತಾವೆ, ಬರ್ತಾವೆ ನೋಡು" ಅಂದ ರಾಜಕುಮಾರನಿಗೆ. ರಾಜಕುಮಾರ್ ಆಡುತ್ತಾ ಹೋದ. ಮೂರನೇ ಮನೆಯಲ್ಲಿ ಎಡಗಡೆಯಿಂದ ಎರಡು ಒಟ್ಟಿಗೇ ಇಳಿದವು. ಇಬ್ಬರೂ ನಗಲು ಶುರು ಮಾಡಿದರು. ಶ್ರಾವಣದಿಂದ ಈಚೆಗೆ ಅವನು ನಕ್ಕಿದ್ದು ನಾನು ನೋಡಿರಲಿಲ್ಲ.

ಅವತ್ತಿನಿಂದ ದಿನಾ ಹೋಗತೊಡಗಿದ. ಸಂಜೆ ಆರರ ಮೇಲೆ ಇನ್ನೂ ನಾಲ್ಕೈದು ಮಂದಿ ಸೇರುತ್ತಿದ್ದರು. ಜಮಾಲುದ್ದೀನ್ ಅಂಗಡಿಯ ಹಳೇ ಗಿರಾಕಿಗಳು. ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ಲಾರಿ ಬುಕಿಂಗ್‌ನವನು, ಎಲ್ಲರಿಗೂ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಒಂದೇ ಕಂಪ್ಯೂಟರಿಗೆ ಮುತ್ತಿಕೊಂಡು, ಕೋಲಿನ ಮಜಾ ಕೀಲಿಮಣೆಗೆ ಇಲ್ಲ ಅಂತ ಗೊಣಗುತ್ತಾ, "ನೀನು ನನ್ನ ಪಾಳಿ ನುಂಗಿದ್ದು ನನಗೆ ಇವತ್ತಿಗೂ ನೆನಪೈತೆ ಮಗನೇ" ಅಂತ ಹತ್ತು ವರ್ಷದ ಹಿಂದಿನ ಜಗಳ ಮುಂದುವರಿಸುತ್ತಾ ಆಡುತ್ತಿದ್ದರು. ಕರಿಬಸುವನ್ನು ಗುರುಗಳೇ ಅನ್ನುತ್ತಿದ್ದರು. ಅವನು ಹಿಂದೆ ಕೂತು, ಈಗ ಬಲಕ್ಕೆ, ಈಗ ನಿಲ್ಲು, ಅನ್ನುತ್ತಿದ್ದ. ಅವರೆಲ್ಲ ಬರುವ ಮೊದಲು, ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ, ಅವನು ಒಬ್ಬನೇ ಆಡುತ್ತಿದ್ದ. ರಾಜಕುಮಾರ್ ಪುಟ ತಂದುಕೊಟ್ಟು ಫೋನಿನ ತಂತಿ ಕಿತ್ತುಬಿಡುತ್ತಿದ್ದ. ಒಮ್ಮೆ ಬಂದ ಆಟ ತಂತಿ ಕಿತ್ತರೂ ಹೋಗುವುದಿಲ್ಲವಂತೆ.

ಎಡಗೈ ವಿಮಾನ ಸರಿಸುವ ಎಡ ಅಂಚಿನ ಕೀಲಿಗಳ ಮೇಲೆ. ಬಲಗೈಯನ್ನು ಎಡಗೈಯಿಂದಲೇ ಎತ್ತಿ ಉದ್ದನೆ ಕೀಲಿಯ ಮೇಲೆ ಇಟ್ಟುಕೊಳ್ಳುತ್ತಿದ್ದ. ವಿಮಾನ ಓಡಾಡುತ್ತಿತ್ತು, ಗುಂಡು ಹಾರುತ್ತಿರಲಿಲ್ಲ. ಮೈ ಉಳಿಸಿಕೊಂಡು ತಪ್ಪಿಸಿಕೊಳ್ಳುವುದಷ್ಟೇ. ಹುಳ ಒಂದೂ ಕಡಿಮೆಯಾಗದೆ ಸಾಲಾಗಿ ಕೆಳಗೆ ಕೆಳಗೆ ಬಂದು ಕೊನೆಗೆ ವಿಮಾನದ ಮೇಲೇ ಕೂರುತ್ತಿದ್ದವು.

"ಗುಂಡಿನ ಕೀಲಿನೂ ಎಡಗೈಲೇ ಒತ್ತಬಹುದಲ್ಲಣ್ಣ, ನಾನು ಬದಲು ಮಾಡಿ ಕೊಡ್ಲಾ?" ಅಂತ ರಾಜಕುಮಾರ್ ಒಮ್ಮೆ ಕೇಳಿದ.

"ಎಡಗೈಗೆ ಏನಾಗೈತೆ ಅಂತ ಅದಕ್ಕೆ ಕಲಿಸ್ಲಿ?" ಅಂದ ಇವನು.

ನನಗೂ ಅದನ್ನೇ ಹೇಳುತ್ತಿದ್ದ. "ಅಕ್ಕಾ, ನನ್ನ ತಲೆ ಮರೆತ್ರೂ ಬೆರಳು ಮರೆಯಲ್ಲ. ಒಂಬತ್ತು ವರ್ಷ ಒತ್ತಿದ್ದೈತೆ. ಮೊದ್ಲು ಗುಂಡಿ ಮೇಲೆ ಬರ್ತೈತೆ, ಆಮೇಲೆ ಮನಿಗೆ ಬರ್ತೈತೆ."

ನಾನು ಅದನ್ನು ನಂಬಿದೆ. ನಂಬದೆ ಏನು ಮಾಡಲಿ? ಹರಿಹರೇಶ್ವರನಿಗೆ ಹರಕೆ ಹೊತ್ತೆ, ಕೈ ಬಂದರೆ ಬೆಳ್ಳಿ ಕೈ ಮಾಡಿಸಿ ಹುಂಡಿಗೆ ಹಾಕುತ್ತೇನೆ ಅಂತ.

ಜೂನ್ ತಿಂಗಳ ಒಂದು ಗುರುವಾರ. ಮೋಡ ಕಟ್ಟಿತ್ತು. ಛತ್ರಿ ಬಿಟ್ಟು ಹೋಗಿದ್ದಾನೆ ಅಂತ ತೆಗೆದುಕೊಂಡು ಮಹಡಿ ಹತ್ತಿದೆ. ರಾಜಕುಮಾರ್ ಇರಲಿಲ್ಲ, ಬಾಗಿಲು ತೆರೆದಿತ್ತು. ಕರಿಬಸು ನನಗೆ ಬೆನ್ನು ಹಾಕಿ ಕೂತಿದ್ದ. ಎರಡೂ ತೋಳು ಮುಂದೆ ಚಾಚಿದ್ದವು. ಅವನ ಭುಜದ ಮೇಲಿಂದ ನನಗೆ ಪರದೆ ಕಂಡಿತು. ವಿಮಾನ ಎಡಕ್ಕೆ ಸರಿಯಿತು, ಗುಂಡು ಹಾರಿಸಿತು. ಬಲಕ್ಕೆ ಸರಿಯಿತು, ಮತ್ತೆ ಹಾರಿಸಿತು. ಹುಳ ಒಂದೊಂದೇ ಸಿಡಿದು ಮಾಯವಾಗುತ್ತಿದ್ದವು. ಒಂದು ಸಾಲು ಪೂರ್ತಿ ಹೋಯಿತು. ಎರಡನೇ ಸಾಲು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಆಡುವಾಗ ಮಾತಾಡಿಸಬಾರದು ಅನ್ನುವುದು ಒಂದು. ಇನ್ನೊಂದು, ಬೇಡಿಕೊಂಡದ್ದು ಕೈಗೂಡಿದ ಮೇಲೆ ಹರಕೆ ಒಪ್ಪಿಸುವವರೆಗೆ ಬಾಯಿ ಬಿಡಬಾರದು ಅನ್ನುವುದು ನಮ್ಮ ಮನೆಗಳಲ್ಲಿ ಮೊದಲಿಂದ ಬಂದದ್ದು. ಬಾಯಿ ಬಿಟ್ಟರೆ ಕೊಟ್ಟದ್ದನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಛತ್ರಿಯನ್ನು ಗೋಡೆಗೆ ಒರಗಿಸಿ, ಶಬ್ದ ಮಾಡದೆ ಮೆಟ್ಟಿಲಿಳಿದು ಬಂದೆ.

ಮನೆಯಲ್ಲಿ ಅವನ ಕೈ ಮುದುಡಿಯೇ ಇತ್ತಲ್ಲ, ಅದು ಕಾಣಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಕಾಣುತ್ತಿತ್ತು. ರಾತ್ರಿ ಅವನಿಗೆ ಅಂಗಿ ತೊಡಿಸುವವಳು ನಾನೇ. ಆದರೆ ಮೊದಲು ಗುಂಡಿ ಮೇಲೆ ಬರುತ್ತದೆ, ಆಮೇಲೆ ಮನೆಗೆ ಬರುತ್ತದೆ ಅಂತ ಅವನೇ ಹೇಳಿದ್ದನಲ್ಲ. ಪೂರ್ತಿ ಬರುವವರೆಗೆ ನನಗೆ ಹೇಳಬಾರದು ಅಂತ ಮುಚ್ಚಿಟ್ಟುಕೊಂಡಿದ್ದಾನೆ ಅಂದುಕೊಂಡೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು, ಇಬ್ಬರ ಹತ್ತಿರವೂ ಒಂದೊಂದು ಗುಟ್ಟು ಇದೆ ಅಂತ ನನಗೆ ಒಳಗೊಳಗೇ ನಗು ಬರುತ್ತಿತ್ತು.

ನನ್ನ ಗಂಡ ಹೋದ ದಿನ ತೆಗೆದಿಟ್ಟ ಕಾಲುಂಗುರ ಪೆಟ್ಟಿಗೆಯಲ್ಲಿದ್ದವು. ಪತ್ತಾರನಿಗೆ ಕೊಟ್ಟೆ. ಅವನು ತೂಗಿ ನೋಡಿ, "ಇಷ್ಟರಾಗೆ ಕೂಸಿನ ಕೈ ಆಗ್ತೈತೆ ನೋಡವ್ವ, ದೊಡ್ಡವರ ಕೈ ಆಗಲ್ಲ" ಅಂದ. "ಬೆರಳು ಮಾತ್ರ ಐದೂ ಬಿಡಿಸಿರ್ಬೇಕು" ಅಂದೆ. ಶನಿವಾರ ಕೊಟ್ಟ. ಅಂಗೈ ನಡುವೆ ಕೂರುವಷ್ಟು ಕೈ, ಐದು ಬೆರಳೂ ನೆಟ್ಟಗೆ.

ಸೋಮವಾರ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋದೆ. ಹಾಲಮ್ಮನಿಗೂ ಹೇಳದೆ ನೇರ ಗುಡಿಗೆ ಹೋಗಿ, ಬೆಳ್ಳಿ ಕೈಯನ್ನು ಕಣ್ಣಿಗೊತ್ತಿಕೊಂಡು ಹುಂಡಿಯೊಳಗೆ ಬಿಟ್ಟೆ. ಟಣ್ಣೆಂದು ಒಂದು ಸಣ್ಣ ಶಬ್ದ ಬಂತು. ಆಮೇಲೆ ಅಂಗನವಾಡಿಗೆ ಹೋಗಿ ಅವಳನ್ನು ಹೊರಗೆ ಕರೆದು ಹೇಳಿದೆ.

"ಅಕ್ಕಾ, ಖರೇವೇನ್ರಿ? ನೀವು ನೋಡಿದ್ರಾ?"

"ಈ ಕಣ್ಣಿಲೇ ನೋಡೀನಿ. ಎರಡು ಸಾಲು ಪೂರಾ ಹೊಡೆದ."

ಹುಳ ಅಂದರೇನು ಸಾಲು ಅಂದರೇನು ಅವಳಿಗೆ ತಿಳಿಯದು. ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಾ ಅಲ್ಲೇ ಕುಕ್ಕರಿಸಿದಳು. ಆಮೇಲೆ ನಾವಿಬ್ಬರೂ ತಿಪ್ಪೇರುದ್ರಪ್ಪನವರ ಅಂಗಡಿಗೆ ಹೋದೆವು. ಹತ್ತು ತಿಂಗಳಾದರೂ ಅವರು ಕರಿಬಸುವಿನ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಂಡಿರಲಿಲ್ಲ. ಆದರೆ ಕೆಲಸ ಬಾಕಿ ಬಿದ್ದಿತ್ತು, ಆ ವಾರ ಯಾರನ್ನೋ ನೋಡಿದ್ದರಂತೆ. "ಹಂಗಾದ್ರೆ ಅವ್ನಿಗೆ ಬ್ಯಾಡ ಅಂತೀನಿ ಬಿಡ್ರಿ. ಗುರುವಾರ ಬಂದು ಕೂತ್ಕಳಾಕ ಹೇಳ್ರಿ ಕರಿಬಸುಗೆ" ಅಂದರು.

ಅದೇ ಸಂಜೆ ಹಾಲಮ್ಮ ನನ್ನ ಜೊತೆ ದಾವಣಗೆರೆಗೆ ಬಂದಳು. ಕರಿಬಸು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿಯನ್ನು ನೋಡಿ ಎದ್ದು ನಿಂತ.

"ಗುರುವಾರ ಬರಾಕ ಹೇಳ್ಯಾರೆ ತಿಪ್ಪೇರುದ್ರಪ್ಪಾರು!" ಅಂದಳು ಹಾಲಮ್ಮ. "ನನ್ನ ಹತ್ರಾನೂ ಮುಚ್ಚಿಡ್ತೀರಲ್ಲ, ಎಂಥಾ ಗಂಡಸ್ರೀ ನೀವು!"

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ನಾನು ಎಲ್ಲ ಹೇಳಿದೆ, ಮಹಡಿ ಹತ್ತಿ ಬಂದದ್ದು, ಪರದೆ ನೋಡಿದ್ದು, ಹರಿಹರೇಶ್ವರನಿಗೆ ಬೆಳ್ಳಿ ಕೈ ಒಪ್ಪಿಸಿದ್ದು. ಕೇಳುತ್ತಾ ಕೇಳುತ್ತಾ ಅವನು ಮೆಲ್ಲಗೆ ಕಟ್ಟೆಯ ಮೇಲೆ ಮತ್ತೆ ಕೂತ.

"ಬೆಳ್ಳಿ ಎಲ್ಲೀದಕ್ಕಾ?"

"ನನ್ನ ಕಾಲುಂಗುರ."

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ, "ಹೂಂ. ಬರಾಕ ಹತ್ತೈತೆ. ಒಂದೀಟು ಬರಾಕ ಹತ್ತೈತೆ" ಅಂದ.

ಹಾಲಮ್ಮ ಒಳಗೆ ಹೋಗಿ ಬೇಳೆ ಬೇಯಲು ಇಟ್ಟಳು, ಹೋಳಿಗೆ ಮಾಡುತ್ತೇನೆ ಅಂತ. ಮರುದಿನ ಗಂಡನನ್ನು ಕರೆದುಕೊಂಡು ಹೊರಟಳು. ಬಸ್ಸಿನ ಕಿಟಕಿಯಿಂದ ಅವನು ನನ್ನ ಕಡೆ ನೋಡಲಿಲ್ಲ. ಊರಿಗೆ ಹೋಗುವ ಅವಸರ ಅಂದುಕೊಂಡೆ.

ಗುರುವಾರ ಆದದ್ದನ್ನು ನನಗೆ ಆಮೇಲೆ ಹೇಳಿದ್ದು ತಿಪ್ಪೇರುದ್ರಪ್ಪನವರೇ. ಬೆಳಗ್ಗೆ ಒಂಬತ್ತಕ್ಕೆ ಬಂದನಂತೆ. ಒಗೆದ ಅಂಗಿ, ಹಣೆ ತುಂಬ ವಿಭೂತಿ. ಒಂದು ಸಣ್ಣ ರೇಡಿಯೋ ಕೊಟ್ಟರಂತೆ, ಸುಲಭದ ಕೆಲಸ, ಒಂದೇ ತಂತಿ ಬಿಟ್ಟಿತ್ತು. ಎಡಗೈಲಿ ಹೊದಿಕೆ ಬಿಚ್ಚಿದ. ಸುಡುವ ಕಡ್ಡಿ ಕಾಯುವವರೆಗೆ ಕಾದ. ಎಡಗೈಲಿ ಬಲಗೈಯ ಬೆರಳು ಬಿಡಿಸಿ ಕಡ್ಡಿಯ ಹಿಡಿಯನ್ನು ಅದರೊಳಗೆ ತುರುಕಿದ. ಕಡ್ಡಿ ನಿಂತಿತು. ಎಡಗೈ ಬಿಟ್ಟ. ಕಡ್ಡಿ ಜಾರಿ ಮಣಿಕಟ್ಟಿನ ಮೇಲೆ ಬಿದ್ದು ಅಲ್ಲೇ ಕೂತಿತು. ಚರ್ಮ ಸುಟ್ಟ ವಾಸನೆ ಬಂದರೂ ಅವನು ಎತ್ತಲಿಲ್ಲ, ನೋಡುತ್ತಾ ಕೂತಿದ್ದ. ಇವರೇ ಹಾರಿ ಬಂದು ಪ್ಲಗ್ ಕಿತ್ತರು.

"ಕರಿಬಸು, ಯಾಕಪ್ಪ? ಹೇಳಬಾರದಾ?" ಅಂದರಂತೆ.

"ಹೆಂಗೆ ಹೇಳ್ಲಿ ಅಣ್ಣಾರೆ, ಅಕ್ಕ ಹರಕೆ ಕೊಟ್ಟು ಬಂದುಬಿಟ್ಟಾಳೆ" ಅಂದನಂತೆ ಅವನು.

ಸುದ್ದಿ ತಂದ ತಿಪ್ಪೇರುದ್ರಪ್ಪನವರಿಗೆ ನಾನು ಚಾ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಅವರು ಹೋದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಪಿ.ಜೆ. ಬಡಾವಣೆಗೆ ನಡೆದೆ. ನಾನು ನೋಡಿದ್ದು ಸುಳ್ಳಾಗಲು ಹೇಗೆ ಸಾಧ್ಯ? ಕಣ್ಣು ಮಂಜಾಗಿದೆ ನಿಜ, ಆದರೆ ಹುಳ ಸಿಡಿದದ್ದನ್ನು ನೋಡಿದ್ದೆ.

ರಾಜಕುಮಾರ್ ಕುರ್ಚಿ ಎಳೆದು, "ಕೂಡ್ರಿ ಅಮ್ಮಾ. ಬಸಣ್ಣ ಎಲ್ಲಿ, ನಾಕು ದಿನ ಆತು" ಅಂದ. ನಾನು ಕೂರಲಿಲ್ಲ. ಹಿಂದಿನ ವಾರ, ಗುರುವಾರ ಮಧ್ಯಾಹ್ನ ನಾನು ಕಂಡದ್ದನ್ನು ಹೇಳಿದೆ. ಅವನು ಫೋನಿನ ತಂತಿ ಸಿಕ್ಕಿಸಿ, ಪುಟ ತಂದು, ಕೀಲಿಮಣೆಯನ್ನು ಎತ್ತಿ ಕಂಪ್ಯೂಟರಿನ ತಲೆಯ ಮೇಲಿಟ್ಟ. ಎರಡು ಹೆಜ್ಜೆ ಹಿಂದೆ ಸರಿದ.

ಕುರ್ಚಿ ಖಾಲಿ. ಪರದೆಯಲ್ಲಿ ಹುಳ ಇಳಿದವು. ವಿಮಾನ ಎಡಕ್ಕೆ ಸರಿಯಿತು, ಗುಂಡು ಹಾರಿಸಿತು. ಬಲಕ್ಕೆ ಸರಿಯಿತು, ಮತ್ತೆ ಹಾರಿಸಿತು.

"ಯಾರೂ ಮುಟ್ಟದೆ ಬಿಟ್ರೆ ಅದೇ ಆಡಿ ತೋರಿಸ್ತೈತಮ್ಮ. ಗಿರಾಕಿ ಕರಿಯಾಕ ಮಾಡಿರೋದು. ಜಮಾಲಣ್ಣನ ಪೆಟ್ಟಿಗೆಯಾಗೂ ಹಿಂಗೇ ಇತ್ತು." ಅವನ ಧ್ವನಿ ಇಳಿಯಿತು. "ಮೊದಮೊದಲು ಆಡ್ತಿದ್ದ ಬಸಣ್ಣ. ಮೇ ತಿಂಗಳಿಂದ ಆಡ್ಲೇ ಇಲ್ಲ. ಕೈ ಎರಡೂ ಕೀಲಿ ಮೇಲೆ ಇಟ್ಕೊಂಡು ಇದನ್ನೇ ನೋಡ್ತಾ ಕೂರ್ತಿದ್ದ. ನಿಮಗೆ ಗೊತ್ತೈತೆ ಅಂತ ತಿಳಿದಿದ್ದೆ."

ಎರಡನೇ ಸಾಲು ಮುಗಿಯುವ ಹೊತ್ತಿಗೆ ಒಂದು ಹುಳ ಓರೆಯಾಗಿ ಇಳಿದು ವಿಮಾನಕ್ಕೆ ಬಡಿಯಿತು. ಪರದೆ ಕಪ್ಪಾಯಿತು. ಒಂದು ಗಳಿಗೆ ಬಿಟ್ಟು ಮತ್ತೆ ಮೊದಲಿಂದ ಶುರುವಾಯಿತು. ಮತ್ತೆ ಅದೇ ಹುಳ, ಅದೇ ಜಾಗ. ಮೂರು ಸಲ ನೋಡಿದೆ.

ದೀಪಾವಳಿಗೆ ಹರಿಹರಕ್ಕೆ ಹೋಗಿದ್ದೆ. ಹಾಲಮ್ಮ ಈಗ ಅಂಗನವಾಡಿಯ ಜೊತೆಗೆ ಸಂಜೆ ಒಂದು ಮನೆಯಲ್ಲಿ ಅಡುಗೆಗೂ ಹೋಗುತ್ತಾಳೆ. ಕರಿಬಸು ಬಾಗಿಲ ಪಕ್ಕ ಚಾಪೆಯ ಮೇಲೆ ಕೂತಿದ್ದ. ಮಣಿಕಟ್ಟಿನ ಸುಟ್ಟ ಗಾಯ ಒಣಗಿ ಹೊಳೆಯುವ ಕಲೆಯಾಗಿತ್ತು. ರಾಜಕುಮಾರ್ ಎರಡು ಸಲ ಬಂದು ಕರೆದನಂತೆ, ಹಳೇ ಮಂದಿ ಕೇಳುತ್ತಿದ್ದಾರೆ ಬಾ ಅಂತ. ಇವನು ಹೋಗಲಿಲ್ಲ.

ಅವನ ಪಕ್ಕ ಕೂತೆ.

"ಅವತ್ತು ಡಾಕ್ಟರಿಗೆ ಯಾಕ ಸುಳ್ಳು ಹೇಳ್ದೆ?" ಅಂದೆ.

"ಬೈತಿದ್ರು ನಿನಗೆ."

"ಬೈಸ್ಕಂತಿದ್ದೆ."

"ಬೈಸ್ಕಂಡ್ರೆ ಕೈ ಬರ್ತಿತ್ತಾ?"

ನಾನು ಅವನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡೆ. ತೋರುಬೆರಳು ಬಿಡಿಸಿದೆ. ನಡುಬೆರಳು ಬಿಡಿಸಿದೆ. ಉಂಗುರ ಬೆರಳಿಗೆ ಬರುವಷ್ಟರಲ್ಲಿ ತೋರುಬೆರಳು ಮತ್ತೆ ಒಳಗೆ ಹೋಗಿತ್ತು. ಈಗ ಅವನು ಚೀರುವುದೂ ಇಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆ.

ಸ್ವಲ್ಪ ಹೊತ್ತು ನೋಡುತ್ತಿದ್ದವನು ಎಡಗೈಯಿಂದ ನನ್ನ ಕೈ ಹಿಡಿದು ನಿಲ್ಲಿಸಿದ.

"ಬಿಡಕ್ಕ. ಏಳು, ಆರರ ಬಸ್ಸು ತಪ್ತೈತೆ ನಿನಗೆ."